ಮೇಲಿನವರಿಗೆ ಕೆಟ್ಟ ಸುದ್ದಿ ಹೇಳುವವರು ಯಾರು?



ಕೆಲಸದ ಜಾಗದಲ್ಲಿ ಜನರನ್ನು ನಡೆಸಿಕೊಳ್ಳುವ ಬಗೆಯನ್ನು ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿದ್ದಾರೆ. ಈ ವಿಷಯದ ಮೇಲೆ ಪುಸ್ತಕಗಳಿಗೇನೂ ಬರವಿಲ್ಲ. ನಾಯಕನಿಗೆ ಇರಬೇಕಾದ ಗುಣಗಳು, ಅವನು ಪಾಲಿಸಬೇಕಾದ ಸೂತ್ರಗಳು ಎಂದು ಪಟ್ಟಿ ಮಾಡಿ ಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಇವತ್ತು ಒಂದೇ ಮಾತನ್ನು ಹಿಡಿದುಕೊಂಡು ಹೊರಡುತ್ತೇನೆ. ಒಂದು ಕಚೇರಿಯಾಗಲಿ, ಕಾರ್ಖಾನೆಯಾಗಲಿ, ಆಸ್ಪತ್ರೆಯಾಗಲಿ ಹೇಗೆ ನಡೆಯುತ್ತಿದೆ ಎಂದು ತಿಳಿಯಬೇಕಾದರೆ ಎರಡು ಸಂಗತಿ ನೋಡಿದರೆ ಸಾಕು. ಅಲ್ಲಿ ಕೆಟ್ಟ ಸುದ್ದಿ ಕೆಳಗಿನಿಂದ ಮೇಲಕ್ಕೆ ಎಷ್ಟು ಬೇಗ ತಲುಪುತ್ತದೆ? ಅದನ್ನು ತಂದು ಹೇಳಿದವರ ಗತಿ ಮರುದಿನ ಏನಾಗುತ್ತದೆ? ಉಳಿದ ಗುಣಗಳೆಲ್ಲ ಇದರ ಹಿಂದೆ ಬರುವಂಥವು ಎಂಬುದು ನನ್ನ ನಂಬಿಕೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫ್ರೀಮಾಂಟ್ ಎಂಬ ಊರಿದೆ. ಅಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಒಂದು ಕಾರು ಕಾರ್ಖಾನೆಯಿತ್ತು. ಅದಕ್ಕೆ ಬಹಳ ಕೆಟ್ಟ ಹೆಸರಿತ್ತು. ಯಾವುದೇ ದಿನ ಹೋಗಿ ನೋಡಿದರೂ ಐದು ಜನರಲ್ಲಿ ಒಬ್ಬರು ಕೆಲಸಕ್ಕೆ ಬಂದಿರುತ್ತಿರಲಿಲ್ಲ. ಬಂದವರಲ್ಲಿ ಕೆಲವರು ಶಿಫ್ಟಿನ ನಡುವೆಯೇ ಕುಡಿಯುತ್ತಿದ್ದರು. ಆಡಳಿತದ ಮೇಲಿನ ಸಿಟ್ಟಿಗೆ ಕಾರಿನ ಬಾಗಿಲಿನೊಳಗೆ ಖಾಲಿ ಬಾಟಲಿ ಸೇರಿಸಿ ಮುಚ್ಚಿಬಿಡುತ್ತಿದ್ದೆವು ಎಂದು ಅಲ್ಲಿ ದುಡಿದವರೇ ಮುಂದೆ ಹೇಳಿಕೊಂಡಿದ್ದಾರೆ. ಕೊಂಡವರು ಊರೆಲ್ಲ ಸುತ್ತಿದರೂ ಆ ಗಡಗಡ ಸದ್ದು ಎಲ್ಲಿಂದ ಬರುತ್ತಿದೆಯೆಂದು ತಿಳಿಯುತ್ತಿರಲಿಲ್ಲ. ತೀರ್ಮಾನವಾಗದ ದೂರುಗಳು ಸಾವಿರಗಟ್ಟಲೆ ಕೂತಿದ್ದವು. 1982ರಲ್ಲಿ ಕಂಪನಿ ಆ ಕಾರ್ಖಾನೆಗೆ ಬೀಗ ಹಾಕಿತು. ಆ ಕಾರ್ಮಿಕರನ್ನು ಇಟ್ಟುಕೊಂಡು ಏನೂ ಮಾಡಲಾಗದು ಎಂಬುದು ಆಗಿನ ಸಾಮಾನ್ಯ ಅಭಿಪ್ರಾಯ.

ಮರುವರ್ಷ ಜಪಾನಿನ ಟೊಯೊಟಾ ಮತ್ತು ಜನರಲ್ ಮೋಟಾರ್ಸ್ ಒಂದು ಒಪ್ಪಂದಕ್ಕೆ ಬಂದವು. ಅದೇ ಕಟ್ಟಡ, ಅದೇ ಊರು, ಆದರೆ ಕಾರ್ಖಾನೆ ನಡೆಸುವುದು ಟೊಯೊಟಾ. ಅದಕ್ಕೆ ನುಮ್ಮಿ ಎಂದು ಹೆಸರಾಯಿತು. 1984ರ ಡಿಸೆಂಬರ್‌ನಲ್ಲಿ ಮೊದಲ ಕಾರು ಹೊರಬಂತು. ಕೆಲಸಕ್ಕೆ ಯಾರನ್ನು ತೆಗೆದುಕೊಂಡರು? ಬಹುಪಾಲು ಹಳೆಯವರನ್ನೇ. ಯೂನಿಯನ್ನೂ ಅದೇ, ಅದರ ಮುಖಂಡರೂ ಅವರೇ. ಸ್ವಲ್ಪ ಕಾಲದಲ್ಲೇ ಶೇ. 20ರ ಆಸುಪಾಸಿನಲ್ಲಿದ್ದ ಗೈರುಹಾಜರಿ ಶೇ. 2–3ಕ್ಕೆ ಇಳಿಯಿತು. ಅಲ್ಲಿಂದ ಬಂದ ಕಾರುಗಳ ಗುಣಮಟ್ಟ ಜಪಾನಿನ ಟೊಯೊಟಾ ಕಾರುಗಳಿಗೆ ಹತ್ತಿರವಾಯಿತು.

ಜನ ಬದಲಾಗಿರಲಿಲ್ಲ. ಹಾಗಾದರೆ ಬದಲಾದದ್ದು ಏನು?

ಹಳೆಯ ಕಾರ್ಖಾನೆಯಲ್ಲಿ ಒಂದು ಅಲಿಖಿತ ಶಾಸನವಿತ್ತು: ಏನೇ ಆಗಲಿ, ಕಾರು ಜೋಡಿಸುವ ಲೈನ್ ನಿಲ್ಲಬಾರದು. ಬೋಲ್ಟು ಕೂರಲಿಲ್ಲವೇ, ಮುಂದಕ್ಕೆ ಕಳಿಸು. ತಪ್ಪು ಭಾಗ ಜೋಡಣೆಯಾಯಿತೇ, ಮುಂದಕ್ಕೆ ಕಳಿಸು. ಕೊನೆಯಲ್ಲಿ ರಿಪೇರಿಯವರು ನೋಡಿಕೊಳ್ಳುತ್ತಾರೆ. ಕಣ್ಣೆದುರಿಗೆ ಹಾಳಾಗುತ್ತಿರುವ ಕಾರನ್ನು ನೋಡಿಯೂ ಸುಮ್ಮನಿರುವುದೇ ಅಲ್ಲಿನ ಕಾರ್ಮಿಕನ ನಿತ್ಯದ ಕೆಲಸವಾಗಿತ್ತು. ವರ್ಷಗಟ್ಟಲೆ ಹೀಗೆ ಸುಮ್ಮನಿದ್ದವನಿಗೆ ತನ್ನ ಕೈಕೆಲಸದ ಮೇಲೆ ಯಾವ ಅಭಿಮಾನ ಉಳಿದೀತು?

ಟೊಯೊಟಾದವರು ಲೈನಿನ ಉದ್ದಕ್ಕೂ ಪ್ರತಿಯೊಬ್ಬ ಕಾರ್ಮಿಕನ ಕೈಗೆಟಕುವಂತೆ ಒಂದು ಹಗ್ಗ ಕಟ್ಟಿದರು. ಈ ಎಚ್ಚರಿಕೆ ವ್ಯವಸ್ಥೆಗೆ ಜಪಾನಿನಲ್ಲಿ ಆಂಡಾನ್ ಎಂದು ಹೆಸರು. ತೊಂದರೆ ಕಂಡರೆ ಹಗ್ಗ ಎಳೆಯಬೇಕು. ಎಳೆದ ಕೂಡಲೇ ದೀಪ ಹೊತ್ತಿಕೊಂಡು ಸಂಗೀತ ಮೊಳಗುತ್ತದೆ, ತಂಡದ ಮುಂದಾಳು ಓಡಿ ಬರುತ್ತಾನೆ. ಇಬ್ಬರೂ ಸೇರಿ ನೋಡುತ್ತಾರೆ. ಕಾರು ಆ ಜಾಗ ದಾಟುವುದರೊಳಗೆ ಸರಿಹೋದರೆ ಸರಿ, ಇಲ್ಲದಿದ್ದರೆ ಲೈನ್ ನಿಲ್ಲುತ್ತದೆ. ನಿಲ್ಲಿಸಿದವನು ಕೆಳಗಿನ ಹಂತದ ಕಾರ್ಮಿಕ. ನಿಂತದ್ದು ಕೋಟ್ಯಂತರ ರೂಪಾಯಿ ಬೆಲೆಬಾಳುವ ಉತ್ಪಾದನೆ.

ಈ ಹಗ್ಗದ ಕಥೆ ಆಡಳಿತಶಾಸ್ತ್ರದ ತರಗತಿಗಳಲ್ಲಿ ಎಲ್ಲರಿಗೂ ಗೊತ್ತು. ನನಗೆ ಮುಖ್ಯವಾಗಿ ಕಾಣುವುದು ಓಡಿ ಬಂದ ಮುಂದಾಳು ಏನು ಕೇಳುತ್ತಾನೆ ಎಂಬುದು. ‘ಯಾಕಯ್ಯಾ ಎಳೆದೆ?’ ಎಂದು ಅವನು ಗದರಿದ್ದರೆ ಹಗ್ಗ ಒಂದೇ ವಾರದಲ್ಲಿ ಧೂಳು ಹಿಡಿಯುತ್ತಿತ್ತು. ‘ಏನಾಯಿತು, ನಾನೇನು ಮಾಡಲಿ?’ ಎಂದು ಕೇಳುವಂತೆ ಅವನಿಗೆ ತರಬೇತಿ ಕೊಟ್ಟಿದ್ದರು. ಅದಕ್ಕಾಗಿ ಫ್ರೀಮಾಂಟಿನ ನೂರಾರು ಜನರನ್ನು ಜಪಾನಿನ ತಕಾವೊಕಾ ಕಾರ್ಖಾನೆಗೆ ಕಳಿಸಿ, ಅಲ್ಲಿನವರ ಜೊತೆ ಭುಜಕ್ಕೆ ಭುಜ ಕೊಟ್ಟು ಕೆಲಸ ಮಾಡಿಸಿದ್ದರು. ಮೇಲಧಿಕಾರಿಗಳಿಗೆ ಬೇರೆ ಊಟದ ಕೋಣೆ ಇರಲಿಲ್ಲ, ಕಾರು ನಿಲ್ಲಿಸಲು ಕಾಯ್ದಿರಿಸಿದ ಜಾಗವೂ ಇರಲಿಲ್ಲ.

ಇನ್ನೊಂದು ವಿಷಯವನ್ನು ಬಹಳ ಜನ ಬಿಟ್ಟು ಹೇಳುತ್ತಾರೆ. ಯೂನಿಯನ್ ಜೊತೆಗಿನ ಕರಾರಿನಲ್ಲಿ, ಕಾರ್ಮಿಕರನ್ನು ಮನೆಗೆ ಕಳಿಸುವ ಮೊದಲು ಆಡಳಿತದವರ ಸಂಬಳ ಕಡಿತವಾಗಬೇಕು, ಹೊರಗುತ್ತಿಗೆಗೆ ಕೊಟ್ಟ ಕೆಲಸ ಒಳಗೆ ಬರಬೇಕು ಎಂಬ ಮಾತಿತ್ತು. 1980ರ ದಶಕದ ಕೊನೆಯಲ್ಲಿ ಕಾರಿನ ಮಾರಾಟ ಕುಸಿದಾಗ ಆ ಮಾತಿಗೆ ಪರೀಕ್ಷೆ ಬಂತು. ಕಂಪನಿ ಯಾರನ್ನೂ ತೆಗೆಯಲಿಲ್ಲ. ಕೆಲಸವಿಲ್ಲದ ಹೊತ್ತಿನಲ್ಲಿ ಅವರಿಗೆ ತರಬೇತಿ ಕೊಟ್ಟು, ಕೆಲಸದ ವಿಧಾನ ತಿದ್ದುವುದರಲ್ಲಿ ತೊಡಗಿಸಿತು. ‘ತಪ್ಪು ಕಂಡರೆ ಧೈರ್ಯವಾಗಿ ಹೇಳಿ’ ಎಂದು ಗೋಡೆಯ ಮೇಲೆ ಬರೆಸುವುದು ಸುಲಭ. ಹೇಳಿದವನ ಅನ್ನಕ್ಕೆ ಕುತ್ತು ಬರುವುದಿಲ್ಲ ಎಂಬ ಭರವಸೆ ಇಲ್ಲದೆ ಆ ಬರಹಕ್ಕೆ ಬೆಲೆಯಿಲ್ಲ. ನಮ್ಮಲ್ಲಿ ಇವತ್ತು ಕೆಲಸದ ತೊಡಕುಗಳನ್ನು ಅತ್ಯಂತ ಹತ್ತಿರದಿಂದ ಬಲ್ಲವರು ಗುತ್ತಿಗೆ ನೌಕರರು: ಆಸ್ಪತ್ರೆಯ ವಾರ್ಡ್ ಸಹಾಯಕಿ, ಕಾರ್ಖಾನೆಯ ಹೆಲ್ಪರ್, ಕಚೇರಿಯ ಡೇಟಾ ಎಂಟ್ರಿ ಆಪರೇಟರ್. ಬಾಯಿ ಬಿಟ್ಟರೆ ಮುಂದಿನ ತಿಂಗಳು ಹೆಸರು ಪಟ್ಟಿಯಲ್ಲಿ ಇರುತ್ತದೋ ಇಲ್ಲವೋ ಎಂಬ ಹೆದರಿಕೆ ಇರುವುದೂ ಅವರಿಗೇ. ಬಲ್ಲವರ ಬಾಯಿಗೇ ನಾವು ಬೀಗ ಹಾಕಿದ್ದೇವೆ.

ನುಮ್ಮಿಯನ್ನು ಹೊಗಳಿ ಮುಗಿಸಿದರೆ ಅದು ಅರ್ಧ ಸತ್ಯವಾಗುತ್ತದೆ. ಅಲ್ಲಿ ಕೆಲಸದ ಬಿರುಸು ವಿಪರೀತ, ಉಸಿರಾಡಲು ಬಿಡುವಿಲ್ಲ ಎಂದು ದೂರಿದ ಕಾರ್ಮಿಕರೂ ಇದ್ದರು. ಇದು ಒತ್ತಡ ಹೇರಿ ನಡೆಸುವ ಆಡಳಿತ ಎಂದು ಅಮೆರಿಕದ ಕಾರ್ಮಿಕ ಚಳವಳಿಯ ಲೇಖಕರು ಪುಸ್ತಕವನ್ನೇ ಬರೆದರು. ಜನರಲ್ ಮೋಟಾರ್ಸ್ ಇದೇ ಪದ್ಧತಿಯನ್ನು ಅದೇ ರಾಜ್ಯದ ವ್ಯಾನ್ ನೈಸ್ ಕಾರ್ಖಾನೆಯಲ್ಲಿ ತರಲು ಹೋಗಿ ಕೈಸುಟ್ಟುಕೊಂಡಿತು. 1992ರಲ್ಲಿ ಅದೂ ಮುಚ್ಚಿತು. ಅಷ್ಟು ದೂರ ಹೋಗುವುದೇ ಬೇಡ. ನಮ್ಮ ಬಿಡದಿಯಲ್ಲೇ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿದೆ. ಅಲ್ಲಿ 2014ರ ಮಾರ್ಚ್‌ನಲ್ಲಿ ಒಮ್ಮೆ, 2020ರ ನವೆಂಬರ್‌ನಲ್ಲಿ ಮತ್ತೊಮ್ಮೆ ಲಾಕೌಟ್ ಘೋಷಣೆಯಾಯಿತು. ಕೆಲಸದ ಹೊರೆ ಹೆಚ್ಚೆಂದು ಎರಡನೆಯ ಸಲ ಕಾರ್ಮಿಕರು ದೂರಿದರು. ಆಡಳಿತ ಅದನ್ನು ಒಪ್ಪಲಿಲ್ಲ. ಸರಿತಪ್ಪು ಯಾರದೆಂದು ತೀರ್ಪು ಕೊಡಲು ನಾನು ಇಲ್ಲಿ ನಿಂತಿಲ್ಲ. ಒಂದೇ ಕಂಪನಿಯ ಪದ್ಧತಿಯಾದರೂ ಒಂದೊಂದು ನೆಲದಲ್ಲಿ ನಂಬಿಕೆಯನ್ನು ಹೊಸದಾಗಿಯೇ ಗಳಿಸಬೇಕಾಗುತ್ತದೆ ಎಂಬುದನ್ನಷ್ಟೇ ಹೇಳುತ್ತಿದ್ದೇನೆ. ಹಗ್ಗವನ್ನು ಹಡಗಿನಲ್ಲಿ ತರಿಸಿಕೊಳ್ಳಬಹುದು, ನಂಬಿಕೆಯನ್ನು ತರಿಸಿಕೊಳ್ಳಲಾಗದು.

ಈಗ ನಮ್ಮ ನಾಡಿಗೆ ಹತ್ತಿರದ ಒಬ್ಬ ದೊಡ್ಡವರ ಮಾತು. ಪ್ರೊಫೆಸರ್ ಸತೀಶ್ ಧವನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1962ರಲ್ಲಿ ನಿರ್ದೇಶಕರಾದರು. ಹತ್ತು ವರ್ಷಗಳ ಬಳಿಕ ಇಸ್ರೋದ ಹೊಣೆ ಹೊರಲು ಕರೆ ಬಂದಾಗ, ವಿಜ್ಞಾನ ಸಂಸ್ಥೆಯನ್ನು ಬಿಡುವುದಿಲ್ಲ, ಇಸ್ರೋದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು ಎಂದು ಷರತ್ತು ಹಾಕಿ ಒಪ್ಪಿಕೊಂಡವರು ಅವರು. ಇಸ್ರೋ ಇವತ್ತು ನಮ್ಮ ಊರಿನಲ್ಲಿರುವುದಕ್ಕೆ ಅದು ಕಾರಣ.

1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಎಸ್‌ಎಲ್‌ವಿ-3 ರಾಕೆಟ್ಟಿನ ಮೊದಲ ಹಾರಾಟ. ಮೊದಲ ಹಂತ ಸರಿಯಾಗಿ ನಡೆಯಿತು, ಎರಡನೆಯ ಹಂತ ಹತೋಟಿ ತಪ್ಪಿತು. 317 ಸೆಕೆಂಡುಗಳಲ್ಲಿ ಎಲ್ಲ ಮುಗಿದು ರಾಕೆಟ್ಟು ಬಂಗಾಳ ಕೊಲ್ಲಿ ಸೇರಿತು. ಯೋಜನೆಯ ನಿರ್ದೇಶಕರು ಎ.ಪಿ.ಜೆ. ಅಬ್ದುಲ್ ಕಲಾಂ. ಆ ದಿನ ಪತ್ರಕರ್ತರೆದುರು ಧವನ್ ತಾವೇ ಹೋಗಿ ನಿಂತು ಸೋಲಿನ ಹೊಣೆಯನ್ನು ಸಂಸ್ಥೆಯ ಮುಖ್ಯಸ್ಥನಾಗಿ ಹೊತ್ತುಕೊಂಡರು. ಮರುವರ್ಷ, 1980ರ ಜುಲೈ 18ರಂದು, ಅದೇ ರಾಕೆಟ್ಟು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ ಪತ್ರಕರ್ತರೆದುರು ಮಾತನಾಡಲು ಕಲಾಂ ಅವರನ್ನು ಮುಂದೆ ಬಿಟ್ಟರು. ಕಲಾಂ ಇದನ್ನು ಊರೂರಿನ ಮಕ್ಕಳಿಗೆ ಹೇಳುತ್ತಿದ್ದರು. ಇಲ್ಲಿರುವ ಬಹುತೇಕರು ಕೇಳಿಯೇ ಇರುತ್ತೀರಿ.

ಅದೇ ಪ್ರಸಂಗದ ಇನ್ನರ್ಧ ಅಷ್ಟಾಗಿ ಪ್ರಚಾರದಲ್ಲಿಲ್ಲ. ಹಾರಾಟಕ್ಕೆ ಮುಂಚಿನ ಎಣಿಕೆ ನಡೆಯುತ್ತಿದ್ದಾಗಲೇ ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯಿಂದ ನೈಟ್ರಿಕ್ ಆಮ್ಲ ಸೋರುತ್ತಿರುವುದು ಕಂಡಿತ್ತು. ಉಳಿದಿರುವುದು ಸಾಕು ಎಂದು ತಜ್ಞರು ಹೇಳಿದರು, ಕಲಾಂ ಮುಂದುವರಿಯಲು ನಿರ್ಧರಿಸಿದರು. ಅದು ಸಾಕಾಗಲಿಲ್ಲ. ಹಾರಾಟದ ನಂತರ ನಡೆದ ಪರಾಮರ್ಶೆ ಸಭೆಯಲ್ಲಿ ತಾಂತ್ರಿಕ ಕಾರಣಗಳ ವಿವರಣೆಯೆಲ್ಲ ಮುಗಿದ ಮೇಲೆ ಕಲಾಂ ಎದ್ದು ನಿಂತು, ಆ ಸೋರಿಕೆಯನ್ನು ಹಗುರವಾಗಿ ಕಂಡದ್ದು ತನ್ನ ತಪ್ಪು, ಹಾರಾಟ ನಿಲ್ಲಿಸಬೇಕಾಗಿತ್ತು ಎಂದು ಧವನ್ ಅವರಿಗೆ ಎಲ್ಲರೆದುರು ಹೇಳಿದರು. ಇದನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಹಾಗೆ ಹೇಳಿಕೊಂಡವರನ್ನು ಧವನ್ ಯೋಜನೆಯಿಂದ ಕಿತ್ತುಹಾಕಲಿಲ್ಲ. ಅವರ ಕೈಯಲ್ಲೇ ಎರಡನೆಯ ಹಾರಾಟ ಮಾಡಿಸಿದರು.

ಪತ್ರಿಕಾಗೋಷ್ಠಿಯ ಔದಾರ್ಯ ನಮ್ಮ ಕಣ್ಣು ತೇವಗೊಳಿಸುತ್ತದೆ. ನಾವು ಕಲಿಯಬೇಕಾದ್ದು ಪರಾಮರ್ಶೆ ಸಭೆಯಿಂದ. ಹೊರಗಿನವರ ಟೀಕೆಗೆ ಮುಖ್ಯಸ್ಥ ಮೈಯೊಡ್ಡಿದ್ದ. ಆದ್ದರಿಂದಲೇ ಒಳಗಿನವರು ತಮ್ಮತಮ್ಮಲ್ಲಿ ನಿಜ ಮಾತನಾಡಲು ಸಾಧ್ಯವಾಯಿತು. ಈ ಎರಡನ್ನು ಬಿಡಿಸಿ ನೋಡಬಾರದು. ಬಯಲಲ್ಲಿ ರಕ್ಷಣೆ, ಒಳಗೆ ನಿರ್ದಾಕ್ಷಿಣ್ಯ ವಿಚಾರಣೆ. ನಮ್ಮ ಎಷ್ಟೋ ಕಚೇರಿಗಳಲ್ಲಿ ಇದು ತಿರುಗುಮುರುಗಾಗಿದೆ. ಬಯಲಲ್ಲಿ ಕೆಳಗಿನವನನ್ನು ಮುಂದೆ ತಳ್ಳಿ ಅಮಾನತು ಮಾಡಿ ಕೈತೊಳೆದುಕೊಳ್ಳುತ್ತಾರೆ, ಒಳಗೆ ನಿಜವಾದ ಕಾರಣವನ್ನು ಯಾರೂ ಹುಡುಕುವುದಿಲ್ಲ. ಮುಂದಿನ ಸಲವೂ ಅದೇ ಅವಘಡ, ಇನ್ನೊಬ್ಬನ ಅಮಾನತು.

ಧವನ್ ನಡೆದುಕೊಂಡ ರೀತಿಗೆ ತದ್ವಿರುದ್ಧವಾದದ್ದು ಅಮೆರಿಕದಲ್ಲಿ ನಡೆಯಿತು. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಮೇಲೇರಿದ 73 ಸೆಕೆಂಡುಗಳಲ್ಲಿ ಛಿದ್ರವಾಗಿ ಏಳು ಮಂದಿ ಸತ್ತರು. ಅವರಲ್ಲಿ ಒಬ್ಬರು ಶಾಲಾ ಶಿಕ್ಷಕಿ. ಹಿಂದಿನ ರಾತ್ರಿ ಏನು ನಡೆಯಿತು ಎಂಬುದು ತನಿಖಾ ಆಯೋಗದ ಮುಂದೆ ಬಂತು. ರಾಕೆಟ್ಟಿನ ಜೋಡಣೆಗಳನ್ನು ಬಿಗಿಯಾಗಿಡುವ ರಬ್ಬರಿನ ಉಂಗುರಗಳು ಚಳಿಯಲ್ಲಿ ಗಡುಸಾಗುತ್ತವೆ, ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣಾಂಶದಲ್ಲಿ ಹಾರಿಸಬೇಡಿ ಎಂದು ರಾಕೆಟ್ಟು ತಯಾರಿಸಿದ ಥಿಯೋಕೋಲ್ ಕಂಪನಿಯ ರೋಜರ್ ಬೋಜೋಲಿ ಮತ್ತಿತರ ಎಂಜಿನಿಯರುಗಳು ದೂರವಾಣಿ ಸಭೆಯಲ್ಲಿ ವಾದಿಸಿದರು. ಆ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ. ನಾಸಾದ ಅಧಿಕಾರಿಗಳಿಗೆ ಅವರ ಮಾತು ಹಿಡಿಸಲಿಲ್ಲ. ಕಂಪನಿಯವರು ಸ್ವಲ್ಪ ಸಮಯ ಕೇಳಿ ಪ್ರತ್ಯೇಕವಾಗಿ ಕೂತರು. ಅಲ್ಲಿ ಮೇಲಿನವರೊಬ್ಬರು ಇನ್ನೊಬ್ಬ ಅಧಿಕಾರಿಗೆ, ಎಂಜಿನಿಯರ್ ಆಗಿ ಯೋಚಿಸುವುದು ಬಿಟ್ಟು ಆಡಳಿತಗಾರನಾಗಿ ಯೋಚಿಸು ಎಂದರು. ನಾಲ್ವರು ಆಡಳಿತಗಾರರು ತೀರ್ಮಾನ ಬದಲಿಸಿದರು. ಎಂಜಿನಿಯರುಗಳನ್ನು ಮತ್ತೆ ಕೇಳಲಿಲ್ಲ.

ಆ ಸಭೆಯಲ್ಲಿ ಯಾರೂ ಕೇಡಿಗರಿರಲಿಲ್ಲ. ಪ್ರಶ್ನೆ ಕೇಳಿದ ರೀತಿಯೇ ಕೆಟ್ಟಿತ್ತು. ‘ಹಾರಿಸುವುದು ಸುರಕ್ಷಿತ ಎಂದು ತೋರಿಸಿ’ ಎಂದು ಕೇಳುವುದು ಅಲ್ಲಿಯವರೆಗಿನ ರೂಢಿ. ಆ ರಾತ್ರಿ ಮಾತ್ರ ‘ಅಪಾಯವಿದೆ ಎಂದು ಸಾಬೀತುಮಾಡಿ’ ಎಂಬಂತಾಯಿತು ಎಂದು ಬೋಜೋಲಿ ಆಯೋಗದ ಮುಂದೆ ಹೇಳಿದರು. ಅನುಮಾನ ಬಂದವನ ಕೈಯಲ್ಲಿ ಪುರಾವೆ ಪೂರ್ತಿ ಇರುವುದು ಅಪರೂಪ. ಪೂರ್ತಿ ಪುರಾವೆ ಸಿಗುವ ಹೊತ್ತಿಗೆ ಅನಾಹುತ ಆಗಿಹೋಗಿರುತ್ತದೆ. ‘ದಾಖಲೆ ಇದ್ದರೆ ಮಾತಾಡು, ಇಲ್ಲದಿದ್ದರೆ ಸುಮ್ಮನಿರು’ ಎಂದು ನಮ್ಮ ಅಧಿಕಾರಿಗಳು ಹೇಳುವಾಗ ಈ ರಾತ್ರಿಯನ್ನು ನೆನೆಯಬೇಕು.

ಆಸ್ಪತ್ರೆಗಳ ವಿಚಾರಕ್ಕೆ ಬರುತ್ತೇನೆ. 1990ರ ದಶಕದಲ್ಲಿ ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಹೊಂದಾಣಿಕೆ ಚೆನ್ನಾಗಿರುವ, ಒಳ್ಳೆಯ ಮುಖ್ಯ ದಾದಿ ಇರುವ ವಾರ್ಡುಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂದು ಅವರು ಊಹಿಸಿದ್ದರು. ಲೆಕ್ಕ ನೋಡಿದರೆ ಉಲ್ಟಾ: ಒಳ್ಳೆಯ ವಾರ್ಡುಗಳಲ್ಲೇ ಹೆಚ್ಚು ತಪ್ಪು ದಾಖಲಾಗಿತ್ತು. ಆಳಕ್ಕಿಳಿದು ವಿಚಾರಿಸಿದಾಗ ಗೊತ್ತಾದದ್ದು, ಅಲ್ಲಿ ದಾದಿಯರು ಹೆದರದೆ ತಪ್ಪನ್ನು ಹೇಳುತ್ತಿದ್ದರು. ಉಳಿದ ಕಡೆ ಮುಚ್ಚಿಡುತ್ತಿದ್ದರು. ವರದಿಯಲ್ಲಿ ಸೊನ್ನೆ ಕಂಡರೆ ಸಂತೋಷಪಡುವ ಅಧಿಕಾರಿಗಳಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕಿಲ್ಲ. ‘ನಮ್ಮಲ್ಲಿ ಒಂದೂ ದೂರು ಇಲ್ಲ ಸಾರ್’ ಎಂಬ ವರದಿ ಬಂದಾಗ ನಾನಾದರೆ ಮೊದಲು ಆ ವಿಭಾಗಕ್ಕೇ ಹೋಗಿ ನೋಡುತ್ತೇನೆ.

ಮಾತಿಗೆ ಒಳಗೆ ದಾರಿ ಇಲ್ಲದಿದ್ದಾಗ ಅದು ಬೀದಿಗೆ ಬರುತ್ತದೆ. ಬೆಂಗಳೂರಿನವರು 2016ರ ಏಪ್ರಿಲ್ ಮರೆತಿರಲಾರರು. ಭವಿಷ್ಯ ನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಆ ವರ್ಷ ನಿಯಮ ತಂದಿತ್ತು. ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿಯುವ ಹೆಣ್ಣುಮಕ್ಕಳಿಗೆ ಆ ಹಣ ಮಗಳ ಮದುವೆಗೆ, ಮನೆಯ ಭೋಗ್ಯಕ್ಕೆ, ಆಸ್ಪತ್ರೆಗೆ ಆಗುವ ಗಂಟು. ಅವರನ್ನು ಯಾರೂ ಕೇಳಿರಲಿಲ್ಲ. ಅವರಿಗೆ ಅರ್ಥವಾಗುವ ಹಾಗೆ ಯಾರೂ ಹೇಳಿಯೂ ಇರಲಿಲ್ಲ. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಣ್ಣುಮಕ್ಕಳು ಮೆಷಿನ್ ಬಿಟ್ಟೆದ್ದು ಹೊಸೂರು ರಸ್ತೆಗೂ ತುಮಕೂರು ರಸ್ತೆಗೂ ಇಳಿದರು. ದೊಡ್ಡ ಯೂನಿಯನ್ನಿನ ಕರೆ ಇರಲಿಲ್ಲ, ಹೆಸರುವಾಸಿ ಮುಖಂಡರಿರಲಿಲ್ಲ. ಎರಡನೆಯ ದಿನ ಸರ್ಕಾರ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ನಿಯಮ ಮಾಡುವ ಮುಂಚೆ ಒಂದೊಂದು ಕಾರ್ಖಾನೆಯ ಹತ್ತು ಜನ ಹೆಂಗಸರನ್ನು ಕೂರಿಸಿಕೊಂಡು ಕೇಳಿದ್ದರೆ ತಿಳಿಯಬಹುದಾಗಿದ್ದ ಸಂಗತಿಯನ್ನು ತಿಳಿಯಲು ಒಂದು ನಗರ ಎರಡು ದಿನ ಸ್ತಬ್ಧವಾಗಬೇಕಾಯಿತು.

ಕೇಳಿಸಿಕೊಳ್ಳುವ ವ್ಯವಸ್ಥೆ ಹೊಸ ಕಲ್ಪನೆಯೇನೂ ಅಲ್ಲ. ನೂರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಎರಡೂ ಪಕ್ಷದವರು ಕೂತು ಮಾತಾಡುವ ಕಾರ್ಯ ಸಮಿತಿಯ ಏರ್ಪಾಡು 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೇ ಇತ್ತು. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಈ ಎರಡನೆಯದರ ಬಗ್ಗೆ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಕೆಲಸದ ಜಾಗದಲ್ಲಿ ಒಬ್ಬ ಹೆಣ್ಣುಮಗಳು ಹೇಳಬೇಕಾದ ಅತಿ ಕಷ್ಟದ ಸುದ್ದಿ ಅದು. ಸಮಿತಿ ಹೆಸರಿಗೆ ಮಾತ್ರ ಇದ್ದು, ಅದರಲ್ಲಿ ಯಾರಿದ್ದಾರೆ ಎಂಬುದೇ ಆಕೆಗೆ ಗೊತ್ತಿಲ್ಲದಿದ್ದರೆ ಕಾನೂನು ಪಾಲಿಸಿದಂತಾಗುವುದಿಲ್ಲ.

ವಿದ್ಯಾರ್ಥಿಗಳು ಕೇಳಬಹುದು: ನಾಳೆ ನಮ್ಮ ಕೈಕೆಳಗೆ ನಾಲ್ಕು ಜನ ಬಂದರೆ ನಾವು ಏನು ಮಾಡಬೇಕು? ಸಭೆಯಲ್ಲಿ ಮೊದಲು ನೀವು ಮಾತಾಡಬೇಡಿ. ದೊಡ್ಡವರು ಅಭಿಪ್ರಾಯ ಹೇಳಿದ ಮೇಲೆ ಕಿರಿಯರು ಬೇರೆ ಮಾತಾಡುವುದು ನಮ್ಮ ಸಮಾಜದಲ್ಲಿ ಸುಲಭವಲ್ಲ. ‘ಸರ್ ಹೇಳಿದ್ದು ಸರಿ’ ಎಂದು ಮುಗಿಸುತ್ತಾರೆ. ಎಲ್ಲರಿಗಿಂತ ಕಿರಿಯವರಿಂದ ಶುರುಮಾಡಿ. ಯಾರಾದರೂ ತೊಂದರೆ ಹೇಳಿದರೆ ಅದಕ್ಕೆ ಉತ್ತರ ಕೊಡಿ. ಆಗುವುದಿಲ್ಲ ಎಂಬುದಾದರೂ ಉತ್ತರವೇ. ಕಾರಣ ಹೇಳಿ ಇಲ್ಲ ಎಂದರೆ ಜನ ಸಹಿಸುತ್ತಾರೆ. ‘ನೋಡೋಣ’ ಎಂದು ತಿಂಗಳುಗಟ್ಟಲೆ ಕಾಯಿಸಿದರೆ ಎರಡನೆಯ ಸಲ ಹೇಳಲು ಬರುವುದಿಲ್ಲ. ಕೆಲಸ ನಡೆಯುವ ಜಾಗಕ್ಕೆ ಹೋಗಿ. ವರದಿಯಲ್ಲಿ ಕಾಣದ್ದು ಹೊಲಿಗೆ ಮೆಷಿನ್ ಪಕ್ಕದಲ್ಲಿ, ಬಸ್ ಡಿಪೋದಲ್ಲಿ, ವಾರ್ಡಿನ ರಾತ್ರಿ ಪಾಳಿಯಲ್ಲಿ ಕಾಣುತ್ತದೆ. ಹೋದಾಗ ಹಿಂದೆ ಹತ್ತು ಜನರನ್ನು ಕರೆದುಕೊಂಡು ಹೋಗಬೇಡಿ. ಮೆಮೊ ಕೊಡುವ ಮುಂಚೆ ಆ ಮನುಷ್ಯನನ್ನು ಕರೆಸಿ ಎದುರು ಕೂರಿಸಿಕೊಂಡು ಮಾತಾಡಿ. ಕಾಗದದಲ್ಲಿ ಬಿದ್ದ ಮಾತು ಅವನ ಸೇವಾ ಪುಸ್ತಕದಲ್ಲಿ ನಿವೃತ್ತಿಯವರೆಗೂ ಉಳಿಯುತ್ತದೆ.

ಹಾಗೆಂದು ತಪ್ಪಿಗೆ ಶಿಕ್ಷೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಕದ್ದವನಿಗೆ, ಲಂಚ ತಿಂದವನಿಗೆ, ಕಿರುಕುಳ ಕೊಟ್ಟವನಿಗೆ, ಗೊತ್ತಿದ್ದೂ ಮುಚ್ಚಿಟ್ಟವನಿಗೆ ಶಿಕ್ಷೆಯಾಗಲೇಬೇಕು. ಪ್ರಾಮಾಣಿಕವಾಗಿ ದುಡಿಯುವಾಗ ಆದ ತಪ್ಪನ್ನು ತಾನೇ ಬಂದು ಹೇಳಿದವನನ್ನು ಆ ಸಾಲಿಗೆ ಸೇರಿಸಬಾರದು. ಈ ಎರಡನ್ನು ಬೇರ್ಪಡಿಸಿ ನೋಡಲಾಗದವರು ಜನರ ಮೇಲೆ ಅಧಿಕಾರ ವಹಿಸಿಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಸಭೆಯಲ್ಲಿ ಶಾಲೆ, ಬ್ಯಾಂಕು, ಆಸ್ಪತ್ರೆ, ಸಹಕಾರ ಸಂಘ ನಡೆಸುವವರು ಅನೇಕರಿದ್ದೀರಿ. ನಿಮ್ಮಲ್ಲಿ ನನ್ನದೊಂದು ವಿನಂತಿ. ನಿಮ್ಮ ಸಂಸ್ಥೆಯ ದೂರು ಸಮಿತಿ ಕೊನೆಯ ಸಲ ಸೇರಿದ್ದು ಯಾವಾಗ ಎಂದು ನಾಳೆ ಬೆಳಿಗ್ಗೆ ದಾಖಲೆ ತರಿಸಿ ನೋಡಿ. ನಿಮ್ಮಲ್ಲಿ ಕಸ ಗುಡಿಸುವವರನ್ನು, ಕಾವಲಿನವರನ್ನು ಕರೆದು ಆ ಸಮಿತಿಯ ಸದಸ್ಯರು ಯಾರೆಂದು ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ ಸದಸ್ಯರ ಹೆಸರು ಮತ್ತು ಫೋನ್ ನಂಬರನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಸಿ, ಎಲ್ಲರೂ ಓಡಾಡುವ ಜಾಗದಲ್ಲಿ ಈ ವಾರವೇ ಹಾಕಿಸಿ.